ಹುಣಸೆ ಟೊಂಗೆ, ಎರಡು ರಿಂಗು, ಒಂದು ಡ್ರಾಯರ್ ಹಿಡಿ: ಮರ ಹತ್ತುವ ಹಗ್ಗಕ್ಕೆ ಮನೆಯಲ್ಲೇ ಮಾಡಿದ ಫ್ರಿಕ್ಷನ್ ಸೇವರ್

ಮರದಿಂದ ಇಳಿದು ಹಗ್ಗ ಸುತ್ತುವಾಗ ಕೈಗೆ ಏನೋ ಗಟ್ಟಿ ಗಟ್ಟಿ ತಾಗಿತು. ಬಿಸಿಲಿಗೆ ಹಿಡಿದು ನೋಡಿದರೆ ಒಂದು ಗೇಣು ಉದ್ದಕ್ಕೆ ಹಗ್ಗದ ಮೇಲ್ಪದರ ಹೊಳೆಯುತ್ತಿತ್ತು, ಇಸ್ತ್ರಿ ಪೆಟ್ಟಿಗೆ ತಾಗಿದ ನೈಲಾನ್ ಸೀರೆ ಇರುತ್ತದಲ್ಲ, ಹಾಗೆ. ಪಕ್ಕದಲ್ಲೇ ನೂಲು ಎದ್ದು ಹತ್ತಿಯ ಥರ ನಿಂತಿತ್ತು. ಆ ಹಗ್ಗ ತಂದು ಎರಡೇ ತಿಂಗಳಾಗಿತ್ತು. ಟೊಂಗೆಯ ಮೇಲೂ ಒಂದು ಗೆರೆ ಬಿದ್ದಿತ್ತು. ತೊಗಟೆ ಹೋಗಿ ಒಳಗಿನ ಹಸಿ ಕಾಣುತ್ತಿತ್ತು.

ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆ ನಮ್ಮ ಕಾಕಾನ ಹೊಲ ಇದೆ. ಬದುವಿನ ಮೇಲೆ ಐದು ಹುಣಸೆ. (ನಮ್ಮ ಕಡೆ ನಲವತ್ತು ಅಡಿ ಎತ್ತರ ಇದ್ದರೂ ಅದು ಗಿಡವೇ, ಮರ ಅಂತ ಯಾರೂ ಅನ್ನಲ್ಲ. ಇಲ್ಲಿ ಎಲ್ಲರಿಗೂ ತಿಳಿಯಲಿ ಅಂತ ಮರ ಎಂದು ಬರೆಯುತ್ತಿದ್ದೇನೆ.) ಮೊದಲೆಲ್ಲ ಗುತ್ತಿಗೆಗೆ ಕೊಡುತ್ತಿದ್ದರು. ಹುಡುಗರು ಬರಿಗಾಲಲ್ಲಿ ಏರಿ ಬಡಿಗೆಯಿಂದ ಬಡಿದು ಹಣ್ಣು ಉದುರಿಸುತ್ತಿದ್ದರು. ಅದನ್ನು ನೋಡುವಾಗಲೇ ಎದೆ ಝಲ್ ಅನ್ನುತ್ತಿತ್ತು. ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಬಿಗಿಯುವ ಗಟ್ಟಿ ಪಟ್ಟಿ) ಹಾಕಿಕೊಂಡು ಹಗ್ಗದ ಮೇಲೆ ಹತ್ತುವುದನ್ನು ನಾನು ಕಲಿತಿದ್ದೆ, ಹಾಗಾಗಿ ಈ ವರ್ಷ ನಾನೇ ಏರುತ್ತೇನೆ ಅಂದೆ. ಕಾಕಾ ನಕ್ಕರು. ಅವ್ವ ನಗಲಿಲ್ಲ. "ನಡು ಮಧ್ಯಾಹ್ನದಾಗ ಹುಣಸಿ ಗಿಡ ಏರಬ್ಯಾಡ" ಅಂದಳು. ಅವಳ ಕಾರಣ ದೆವ್ವ, ನನ್ನ ಕಾರಣ ಕಲಬುರಗಿ ಬಿಸಿಲು. ಅಂತೂ ಬೆಳಗ್ಗೆ ಆರರಿಂದ ಒಂಬತ್ತೂವರೆ ತನಕ ಮಾತ್ರ ಅಂತ ಇಬ್ಬರೂ ಒಪ್ಪಿಕೊಂಡೆವು.

ನಾನು ಹತ್ತುವುದು ಓಡುವ ಹಗ್ಗದ ಪದ್ಧತಿಯಲ್ಲಿ. ಹಗ್ಗ ಟೊಂಗೆಯ ಮೇಲೆ ಹಾದು ಎರಡೂ ಕಡೆ ಕೆಳಗೆ ಬರುತ್ತದೆ. ಒಂದು ತುದಿ ನನ್ನ ಹಾರ್ನೆಸ್‌ಗೆ ಕಟ್ಟಿರುತ್ತದೆ. ಇನ್ನೊಂದು ಕಡೆಯ ಹಗ್ಗಕ್ಕೆ ಜಾರುವ ಗಂಟು ಹಾಕಿ ಅದನ್ನೂ ಹಾರ್ನೆಸ್‌ಗೆ ಸೇರಿಸುತ್ತೇನೆ. ಎಳೆದರೆ ಮೇಲೆ, ಗಂಟು ಸಡಿಲಿಸಿದರೆ ಕೆಳಗೆ. ಒಂದು ಅಡಿ ಏರಲು ಎರಡು ಅಡಿ ಹಗ್ಗ ಎಳೆಯಬೇಕು. ಲೆಕ್ಕದ ಪ್ರಕಾರ ಅರ್ಧ ತೂಕ ಎಳೆದರೆ ಸಾಕು, ಅಂದರೆ ಸಾಮಾನು ಸೇರಿ 80 ಕೆಜಿ ಇರುವ ನಾನು 40 ಕೆಜಿ ಎಳೆದರೆ ಏರಬೇಕು. ಹಾಗೆ ಏರಿದ್ದೇ ಇಲ್ಲ. ಎರಡನೇ ಮರಕ್ಕೇ ತೋಳು ಬಿದ್ದುಹೋಗುತ್ತಿತ್ತು. ವಯಸ್ಸಾಯ್ತು ಅಂದುಕೊಂಡಿದ್ದೆ.

ವಯಸ್ಸಲ್ಲ, ತೊಗಟೆ. ಹುಣಸೆಯ ತೊಗಟೆ ಮೊಸಳೆ ಬೆನ್ನಿನ ಥರ, ಹಗ್ಗ ಅದರ ಮೇಲೆ ಪ್ರತಿ ಎಳೆತಕ್ಕೂ ಉಜ್ಜುತ್ತದೆ. ಉಜ್ಜಿದ್ದೆಲ್ಲ ಬಿಸಿಯಾಗುತ್ತದೆ, ಆ ಬಿಸಿ ಹಗ್ಗಕ್ಕೆ ಹೋಗುತ್ತದೆ. ಇದನ್ನು ತಪ್ಪಿಸಲು ಟೊಂಗೆಗೂ ಹಗ್ಗಕ್ಕೂ ನಡುವೆ ಇಡುವ ಸಾಮಾನಿಗೇ ಫ್ರಿಕ್ಷನ್ ಸೇವರ್ ಅನ್ನುವುದು. ರೆಡಿಮೇಡ್ ಸಿಗುತ್ತದೆ, ಆದರೆ ಹೊರದೇಶದ್ದು, ಬೆಲೆ ನೋಡಿ ಫೋನ್ ಬದಿಗಿಟ್ಟೆ.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ವೈರಿಂಗ್‌ಗೆ ಹಾಕುವ ಬಗ್ಗುವ ಪಿವಿಸಿ ಪೈಪು, ಎರಡು ಅಡಿ ತುಂಡು. ಹಗ್ಗವನ್ನು ಅದರೊಳಗೆ ಹಾಯಿಸಿ ಟೊಂಗೆಯ ಮೇಲೆ ಕೂರಿಸಿದೆ. ಏರುವಾಗ ಬೆಣ್ಣೆ ಥರ ಇತ್ತು, ಖುಷಿಯಾಯ್ತು. ಇಳಿಯುವಾಗ ಸ್ವಲ್ಪ ಜೋರಾಗಿ ಬಂದೆ. ಪೈಪು ಇಳಿಸಿ ಉದ್ದಕ್ಕೆ ಸೀಳಿ ನೋಡಿದರೆ ಒಳಗೆ ಹಗ್ಗ ಕೊರೆದ ಕಾಲುವೆ, ಮೇಣದ ಥರ ಕರಗಿ ಅಂಟಿದ ಬಿಳಿ ಪ್ಲಾಸ್ಟಿಕ್, ಅದರ ಒಂದಷ್ಟು ಹಗ್ಗಕ್ಕೂ ಮೆತ್ತಿಕೊಂಡಿತ್ತು. ಪಿವಿಸಿ 80 ಡಿಗ್ರಿ ಸುಮಾರಿಗೇ ಮೆತ್ತಗಾಗುತ್ತದೆ. ನೈಲಾನ್ ಕರಗಲು 220 ಡಿಗ್ರಿಗಿಂತ ಮೇಲೆ ಬೇಕು, ಪಾಲಿಯೆಸ್ಟರ್‌ಗೆ 250ರ ಆಸುಪಾಸು. ಅಂದರೆ ಹಗ್ಗವನ್ನು ಕಾಯಲು ಇಟ್ಟವನೇ ಮೊದಲು ಸತ್ತ. ಇದೇ ಜಾಗದಲ್ಲಿ ಒಂದು ಮಾತು: ಗಂಜ್ ಮಾರುಕಟ್ಟೆಯಲ್ಲಿ ಚೀಲ ಕಟ್ಟಲು ಮಾರುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಪಾಲಿಪ್ರೊಪಿಲೀನ್, 160 ಡಿಗ್ರಿ ದಾಟಿದರೆ ಕರಗುತ್ತದೆ, ಬಿಸಿಲಿಗೆ ಇಟ್ಟರೆ ಒಂದೇ ಬೇಸಿಗೆಯಲ್ಲಿ ಪುಡಿಪುಡಿ. ಅದರ ಮೇಲೆ ಮನುಷ್ಯ ನೇತಾಡಬಾರದು. ಎಷ್ಟು ದಪ್ಪ ಇದ್ದರೂ.

ಎರಡನೆಯದು ಚರ್ಮ. ಕಾಕಾನ ಮನೆಯ ಅಟ್ಟದ ಮೇಲೆ ಎತ್ತಿನ ಕಾಲದ ಚರ್ಮದ ಸಾಮಾನು ಇನ್ನೂ ಬಿದ್ದಿತ್ತು, ಅದರಲ್ಲೊಂದು ಅಗಲ ಪಟ್ಟಿ, ಒಣಗಿ ಹಪ್ಪಳವಾಗಿತ್ತು. ಮೂರು ದಿನ ಔಡಲ ಎಣ್ಣೆ ಹಚ್ಚಿ ಹಚ್ಚಿ ಮೆತ್ತಗೆ ಮಾಡಿದೆ. ಮನೆಯೆಲ್ಲ ಆ ವಾಸನೆ. ಆಮೇಲೆ ಎರಡು ಅಡಿ ಉದ್ದದ ಕೊಳವೆ ಮಾಡಿ, ಚೀಲ ಹೊಲಿಯುವ ದಬ್ಬಣ ತಂದು, ಮೇಣ ಸವರಿದ ದಪ್ಪ ನೂಲಿನಿಂದ ಹೊಲಿದೆ. ನಾಲ್ಕು ಸಲ ಬೆರಳಿಗೆ ಚುಚ್ಚಿಕೊಂಡೆ. ನೋಡಲು ಚೆಂದ ಇತ್ತು, ಕೆಲಸವೂ ಚೆನ್ನಾಗಿ ಮಾಡಿತು, ಕರಗುವ ಮಾತೇ ಇಲ್ಲ. ತೊಂದರೆ ಬಂದಿದ್ದು ಇಳಿದ ಮೇಲೆ. ಕೆಳಗಿನಿಂದ ಹಗ್ಗ ಎಳೆದು ಅದನ್ನು ಬೀಳಿಸಬೇಕಲ್ಲ? ಕೊಳವೆ ಟೊಂಗೆಯ ಕವಲಿಗೆ ಬಂದು ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಮತ್ತೆ ಏರಿದೆ, ಈ ಸಲ ತೊಗಟೆಯ ಮೇಲೆ ಹಗ್ಗ ಹಾಕಿಕೊಂಡು. ಕೆಳಗಿದ್ದ ಕಾಕಾನ ಮಗ ಕೇಳಿದ: "ಅಣ್ಣಾ, ಇದು ಹಗ್ಗ ಉಳಸಾಕ ಮಾಡಿದ್ದಲಾ?"

ಉತ್ತರ ಇರಲಿಲ್ಲ. ಆ ರಾತ್ರಿ ಸುಮ್ನೆ ಅಂದಾಜಿನಲ್ಲಿ ಮಾಡುವುದು ಬೇಡ, ಅಳೆದು ನೋಡೋಣ ಅಂತ ತೀರ್ಮಾನಿಸಿದೆ.

ಅಳತೆಗೆ ಬೇಕಾಗಿದ್ದು ಮೂರೇ ಸಾಮಾನು. ಒಂದು, 50 ಕೆಜಿ ತನಕ ತೋರಿಸುವ ನೇತುಹಾಕುವ ಡಿಜಿಟಲ್ ತಕ್ಕಡಿ. ಎರಡು, ಕೈಗೆಟಕುವ ಎತ್ತರದಲ್ಲಿ ಅಡ್ಡ ಹೋಗಿರುವ ಒಂದು ಹುಣಸೆ ಟೊಂಗೆ. ಮೂರು, ತೂಕ. ನಮ್ಮೂರಲ್ಲಿ ತೂಕಕ್ಕೆ ಬರವಿಲ್ಲ, ಅಂಗಳದಲ್ಲೇ ಶಹಾಬಾದ್ ಫರ್ಸಿ (ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು) ಬಿದ್ದಿರುತ್ತದೆ. ಒಂದು ಅಡಿ ಚೌಕ, ಒಂದೂವರೆ ಇಂಚು ದಪ್ಪದ ತುಂಡು 9 ಕೆಜಿ ಚಿಲ್ಲರೆ ತೂಗಿತು, ಒಂದಿಷ್ಟು ಮರಳಿನ ಪೊಟ್ಟಣ ಸೇರಿಸಿ ಸರಿಯಾಗಿ 10 ಮಾಡಿದೆ. ಹಗ್ಗದ ಒಂದು ತುದಿಗೆ ಫರ್ಸಿ, ಇನ್ನೊಂದು ತುದಿಗೆ ತಕ್ಕಡಿ. ಫರ್ಸಿ ನಿಧಾನವಾಗಿ ಮೇಲೇಳುತ್ತಿರುವಾಗ ತಕ್ಕಡಿಯಲ್ಲಿ ಎಷ್ಟು ಬರುತ್ತದೆ ಅಂತ ಓದುವುದು. ನಾನು ಎಳೆಯುತ್ತಿದ್ದೆ, ತಮ್ಮ ಓದಿ ಬರೆದುಕೊಳ್ಳುತ್ತಿದ್ದ.

ಬರೀ ತೊಗಟೆಯ ಮೇಲೆ ಆ 10 ಕೆಜಿ ಎತ್ತಲು 38ರಿಂದ 41 ಕೆಜಿ ಎಳೆಯಬೇಕಾಯ್ತು. ಮೂರು ಸಲ ಮಾಡಿದೆವು, ತಕ್ಕಡಿ ಕೆಟ್ಟಿದೆ ಅಂದುಕೊಂಡು. ಕೆಟ್ಟಿರಲಿಲ್ಲ. ಎಣ್ಣೆ ಕುಡಿದ ಚರ್ಮದ ಮೇಲೆ 26. ಹೊಸ ಪಿವಿಸಿ ತುಂಡಿನ ಮೇಲೆ 24. ಬೇರಿಂಗ್ ಇರುವ ಒಳ್ಳೆ ಪುಲ್ಲಿಯ ಮೇಲೆ 12ಕ್ಕಿಂತ ಕಡಿಮೆ.

ಇದರ ಹಿಂದಿನ ಲೆಕ್ಕ ಹಳೆಯದು. 18ನೇ ಶತಮಾನದ ಗಣಿತಜ್ಞ ಆಯ್ಲರ್ ಹೆಸರಿನಲ್ಲಿ ಒಂದು ಸೂತ್ರ ಇದೆ. ಹಗ್ಗ ಯಾವುದಾದರೂ ದುಂಡು ವಸ್ತುವನ್ನು ಸುತ್ತಿಕೊಂಡಾಗ ಒಂದು ತುದಿಯ ಎಳೆತ ಇನ್ನೊಂದರ ಎಷ್ಟು ಪಟ್ಟು ಅನ್ನುವುದು ಎರಡೇ ವಿಷಯದ ಮೇಲೆ ನಿಂತಿರುತ್ತದೆ: ಮೈ ಎಷ್ಟು ಒರಟು, ಮತ್ತು ಹಗ್ಗ ಎಷ್ಟು ಕೋನ ಸುತ್ತಿದೆ. ಟೊಂಗೆ ದಪ್ಪವೋ ಸಣ್ಣದೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನನಗಿದು ನಂಬಲು ಸಮಯ ಹಿಡಿಯಿತು. ತೊಡೆ ಗಾತ್ರದ ಟೊಂಗೆಗೂ ತೋಳಿನ ಗಾತ್ರದ ಟೊಂಗೆಗೂ ಹಾಕಿ ನೋಡಿದೆ, ತೊಗಟೆ ಒಂದೇ ಥರ ಇದ್ದರೆ ತಕ್ಕಡಿ ಹೆಚ್ಚುಕಡಿಮೆ ಅದನ್ನೇ ತೋರಿಸಿತು. ಇನ್ನೊಂದು ವಿಷಯ, ಸುತ್ತು ಜಾಸ್ತಿಯಾದರೆ ಇದು ಕೂಡುವುದಿಲ್ಲ, ಗುಣಿಸುತ್ತದೆ. ಅರ್ಧ ಸುತ್ತಿಗೆ ನಾಲ್ಕು ಪಟ್ಟು ಅಂದರೆ ಒಂದು ಪೂರ್ತಿ ಸುತ್ತಿಗೆ ಹದಿನಾರು ಪಟ್ಟು. ಬಾವಿ ಕಟ್ಟೆಯ ಕಲ್ಲಿನ ಮೇಲೆ ಹಗ್ಗ ಬೆರಳು ಇಳಿಯುವಷ್ಟು ಗೆರೆ ಕೊರೆದಿರುತ್ತದಲ್ಲ, ಅಲ್ಲಿ ಹಗ್ಗ ಕಾಲು ಸುತ್ತು ಕೂಡ ಸುತ್ತಿರುವುದಿಲ್ಲ.

ಹಾಗಾದರೆ ಪುಲ್ಲಿಯನ್ನೇ ಹಾಕಬಹುದಿತ್ತಲ್ಲ? ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೇ ಆವೃತ್ತಿಗೆ ಎರಡು ರಿಂಗಿನ ವಿನ್ಯಾಸ ಆರಿಸಿಕೊಂಡೆ. ಕೆಲಸ ಮಾಡುವ ರೀತಿ ಸರಳ: ಒಂದು ಗಟ್ಟಿ ಪಟ್ಟಿ ಅಥವಾ ಹಗ್ಗದ ತುಂಡು, ಒಂದು ತುದಿಗೆ ದೊಡ್ಡ ರಿಂಗು, ಇನ್ನೊಂದು ತುದಿಗೆ ಸಣ್ಣ ರಿಂಗು. ಅದನ್ನು ಟೊಂಗೆಯ ಮೇಲೆ ಹಾಕಿದರೆ ಎರಡೂ ರಿಂಗು ಎರಡು ಕಡೆ ನೇತಾಡುತ್ತವೆ, ಹತ್ತುವ ಹಗ್ಗ ಎರಡರೊಳಗೂ ಹಾಯುತ್ತದೆ. ಪಟ್ಟಿ ಅಲುಗಾಡದೆ ಟೊಂಗೆಯ ಮೇಲೆ ಕೂತಿರುತ್ತದೆ, ಹಗ್ಗ ಲೋಹದ ಮೇಲೆ ಮಾತ್ರ ಓಡುತ್ತದೆ. ಮರಕ್ಕೂ ಗಾಯ ಇಲ್ಲ.

ರಿಂಗಿಗೆ ಮೊದಲು ಸೂಪರ್ ಮಾರ್ಕೆಟ್ ಹತ್ತಿರದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಎಮ್ಮೆ ಕಟ್ಟುವ ಸರಪಳಿಗೆ ಹಾಕುವ ಕಬ್ಬಿಣದ ಬಳೆ ಸಿಕ್ಕಿತು, 10 ಎಂಎಂ ಸರಳು ಬಾಗಿಸಿ ಬೆಸುಗೆ ಹಾಕಿದ್ದು. ಅಂಗಡಿಯವರು "ಆನಿ ಕಟ್ರಿ ಸರ, ಏನೂ ಆಗಂಗಿಲ್ಲ" ಅಂದರು. ಒಂದನ್ನು ಮನೆಗೆ ತಂದು ಎರಡು ಗೋಣಿಚೀಲ ಹೊದಿಸಿ ಚೈನ್ ಪುಲ್ಲಿಯಿಂದ ಎಳೆದೆ. ಟಪ್ ಅಂತ ಬೆಸುಗೆಯ ಜಾಗದಲ್ಲೇ ಬಾಯಿ ಬಿಟ್ಟಿತು. ಎಷ್ಟು ತೂಕಕ್ಕೆ ಬಿಟ್ಟಿತು ಅಂತ ಅಳೆಯಲು ನನ್ನ ಹತ್ತಿರ ಸಾಧನ ಇರಲಿಲ್ಲ, ಅಳೆದಿದ್ದರೂ ಪಕ್ಕದ ಬಳೆ ಅಷ್ಟೇ ತಡೆಯುತ್ತದೆ ಅನ್ನುವ ಭರವಸೆ ಇಲ್ಲ. ಅಂಗಡಿಯವರದು ತಪ್ಪಲ್ಲ, ಅದು ಎಮ್ಮೆಗೆ ಮಾಡಿದ್ದು. ಎಮ್ಮೆ ನೆಲದ ಮೇಲೇ ಇರುತ್ತದೆ.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ. ಮನುಷ್ಯನ ತೂಕ ಹೊರುವ ಭಾಗ ಯಾವುದನ್ನೂ ನಾನು ತಯಾರಿಸುವುದಿಲ್ಲ, ಕೊಳ್ಳುತ್ತೇನೆ. ಅದರ ಮೇಲೆ ಕಿಲೋನ್ಯೂಟನ್ ಸಂಖ್ಯೆ ಒತ್ತಿರಬೇಕು. ಒಂದು ಕಿಲೋನ್ಯೂಟನ್ ಅಂದರೆ ಸುಮಾರು 102 ಕೆಜಿ ತೂಕದ ಎಳೆತ, ಹಾಗಾಗಿ 22 ಅಂತ ಇದ್ದರೆ ಎರಡು ಟನ್‌ಗಿಂತ ಮೇಲೆ. ಜೋಡಣೆ, ಗಂಟು, ಹೊದಿಕೆ, ಬಿಡಿಸುವ ಉಪಾಯ, ಇವು ಮಾತ್ರ ನನ್ನವು. ಅಲ್ಯೂಮಿನಿಯಂ ರಿಂಗು ಎರಡು ಆನ್‌ಲೈನ್‌ನಲ್ಲಿ ತರಿಸಿದೆ, ದೊಡ್ಡದರ ಒಳ ಅಗಲ 40 ಎಂಎಂ, ಸಣ್ಣದು 28. ಮಧ್ಯದ ತುಂಡಿಗೆ 11 ಎಂಎಂ ಸ್ಟ್ಯಾಟಿಕ್ ಹಗ್ಗ (ತೂಕ ಬಿದ್ದರೂ ಹೆಚ್ಚು ಹಿಗ್ಗದ್ದು), ಹೊಸದು, ಎರಡು ಮೀಟರ್. ಹೊಳಪು ಬಂದ ಹಳೆ ಹಗ್ಗದ ಒಳ್ಳೆ ಭಾಗ ಕತ್ತರಿಸಿ ಹಾಕಿದರೆ ದುಡ್ಡು ಉಳಿಯುತ್ತದೆ ಅಂತ ಮನಸ್ಸು ಹೇಳಿತು, ಕೇಳಲಿಲ್ಲ. ಪ್ರೂಸಿಕ್ ಗಂಟಿಗೆ 8 ಎಂಎಂ ದಾರ, ಅದೂ ಹತ್ತುವವರ ದರ್ಜೆಯದು. ಎಲ್ಲ ಸೇರಿ ಮೂರು ಸಾವಿರ ಚಿಲ್ಲರೆ ಆಯ್ತು. ಮನೆಯಲ್ಲಿ ಎರಡು ಸಾವಿರ ಅಂದಿದ್ದೇನೆ.

ಕಟ್ಟುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಗ್ಗದ ಒಂದು ತುದಿಯನ್ನು ದೊಡ್ಡ ರಿಂಗಿನೊಳಗೆ ಹಾಯಿಸಿ ಸ್ಕ್ಯಾಫೋಲ್ಡ್ ಗಂಟು ಹಾಕಿದೆ. ಇದು ತನ್ನದೇ ಹಗ್ಗದ ಮೇಲೆ ಎರಡು ಸುತ್ತು ಸುತ್ತಿ ಬಿಗಿಯುವ ಕುಣಿಕೆ, ತೂಕ ಬಿದ್ದಷ್ಟೂ ರಿಂಗನ್ನು ಅಪ್ಪಿಕೊಳ್ಳುತ್ತದೆ. ಸುತ್ತುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕ ಕೂರಬೇಕು, ಕೂರದಿದ್ದರೆ ಬಿಚ್ಚಿ ಮತ್ತೆ ಹಾಕಬೇಕು. ಹೊರಗೆ ನಾಲ್ಕು ಬೆರಳು ಬಾಲ ಬಿಟ್ಟೆ. ಇನ್ನೊಂದು ಕಡೆ ಸಣ್ಣ ರಿಂಗನ್ನು ನೇರವಾಗಿ ಕಟ್ಟಲಿಲ್ಲ. 8 ಎಂಎಂ ದಾರವನ್ನು ಡಬಲ್ ಫಿಷರ್‌ಮನ್ ಗಂಟಿನಿಂದ ಉಂಗುರ ಮಾಡಿ, ಅದನ್ನು ರಿಂಗಿಗೆ ಸೇರಿಸಿ, ಅದೇ ಉಂಗುರದಿಂದ ದಪ್ಪ ಹಗ್ಗದ ಮೇಲೆ ಮೂರು ಸುತ್ತಿನ ಪ್ರೂಸಿಕ್ ಹಾಕಿದೆ. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪರಿಚಯಿಸಿದ ಗಂಟು. ತೂಕ ಇಲ್ಲದಾಗ ಕೈಯಿಂದ ಜರುಗುತ್ತದೆ, ತೂಕ ಬಿದ್ದಾಗ ಕಚ್ಚುತ್ತದೆ. ಇದರ ಲಾಭ ಏನೆಂದರೆ ಟೊಂಗೆಯ ಗಾತ್ರಕ್ಕೆ ತಕ್ಕಂತೆ ಸಣ್ಣ ರಿಂಗನ್ನು ಹತ್ತಿರ, ದೂರ ಮಾಡಿಕೊಳ್ಳಬಹುದು. ಹಗ್ಗದ ಕೊನೆಗೆ ಎಂಟರ ಗಂಟು ಹಾಕಿದೆ, ಒಂದು ವೇಳೆ ಪ್ರೂಸಿಕ್ ಜಾರಿದರೂ ಹೊರಗೆ ಹೋಗದಿರಲಿ ಅಂತ.

ಆಮೇಲೆ ಪರೀಕ್ಷೆ. ತೊಗರಿ ಚೀಲ 50 ಕೆಜಿಯದು ನಾಲ್ಕು, ಒಟ್ಟು 200 ಕೆಜಿ, ನೆಲದಿಂದ ಒಂದೇ ಅಡಿ ಎತ್ತರಕ್ಕೆ ನೇತುಹಾಕಿದೆವು. ಪ್ರೂಸಿಕ್ ಇದ್ದ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆದು ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಗೆರೆಯಿಂದ ಅರ್ಧ ಇಂಚು ಸರಿದಿತ್ತು, ಅದು ಗಂಟು ಬಿಗಿದುಕೊಂಡಿದ್ದು, ಜಾರಿದ್ದಲ್ಲ. ಎರಡನೇ ರಾತ್ರಿ ಒಂದು ಕೂದಲೂ ಸರಿಯಲಿಲ್ಲ. ಇದರಿಂದ ಸಾಮಾನಿನ ಶಕ್ತಿ ಗೊತ್ತಾಗುವುದಿಲ್ಲ, 200 ಕೆಜಿ ಅಂದರೆ ಬರೀ ಎರಡು ಕಿಲೋನ್ಯೂಟನ್. ಗಂಟು ಸರಿಯಾಗಿ ಕೂತಿದೆಯಾ ಅನ್ನುವುದಷ್ಟೇ ಗೊತ್ತಾಗುತ್ತದೆ. ಕಾಕಾಗೆ ಮಾತ್ರ ಚೀಲದ ಚಿಂತೆ. "ಏನಪಾ, ತೊಗರಿಗೆ ಇಲಿ ಹತ್ತಬಾರ್ದಂತ ಮ್ಯಾಲ ಕಟ್ಟಿಯೇನು?" ಅಂತ ಬಂದು ಬಂದು ನೋಡಿ ಹೋದರು.

ಫರ್ಸಿ ಮತ್ತು ತಕ್ಕಡಿಯಿಂದ ರಿಂಗನ್ನೂ ಅಳೆದೆವು. 18. ಪುಲ್ಲಿಯಷ್ಟಲ್ಲ, ಆದರೆ ತೊಗಟೆಯ ಅರ್ಧಕ್ಕಿಂತ ಕಡಿಮೆ.

ಈಗ ಬಿಡಿಸುವ ಉಪಾಯ. ಇಳಿದ ಮೇಲೆ ಹಗ್ಗದ ಒಂದು ತುದಿಗೆ ಒಂದು ಗುಂಡು ಕಟ್ಟಬೇಕು, ಅದು ದೊಡ್ಡ ರಿಂಗಿನಲ್ಲಿ ಹಾಯಬೇಕು, ಸಣ್ಣದರಲ್ಲಿ ಸಿಕ್ಕಿಕೊಳ್ಳಬೇಕು. ಆಗ ಇನ್ನೊಂದು ತುದಿ ಎಳೆದರೆ ಸಣ್ಣ ರಿಂಗು ಕೆಳಗೆ ಬರುತ್ತದೆ, ಅದರ ಹಿಂದೆ ಇಡೀ ಪಟ್ಟಿ ಟೊಂಗೆಯ ಮೇಲಿಂದ ಜಾರಿ ಬೀಳುತ್ತದೆ. 28ಕ್ಕಿಂತ ದೊಡ್ಡದು, 40ಕ್ಕಿಂತ ಸಣ್ಣದು ಬೇಕು. ಮನೆಯೆಲ್ಲ ಸ್ಕೇಲು ಹಿಡಿದು ಹುಡುಕಿದೆ. ಗೋಲಿ ಸಣ್ಣದಾಯ್ತು, ನಿಂಬೆಹಣ್ಣು ಸರಿಯಾಗಿತ್ತು ಆದರೆ ನಿಂಬೆಹಣ್ಣು. ಕೊನೆಗೆ ಹಳೆ ಮೇಜಿನ ಡ್ರಾಯರ್‌ಗೆ ಇದ್ದ ಮರದ ಹಿಡಿ ಕಣ್ಣಿಗೆ ಬಿತ್ತು, ದುಂಡಗೆ, 33 ಎಂಎಂ. ಸ್ಕ್ರೂ ತೂತನ್ನು ಆರಪಾರ ಕೊರೆದು 4 ಎಂಎಂ ದಾರ ಹಾಕಿದೆ. ಡ್ರಾಯರ್ ಎಳೆಯಲು ಈಗ ಚಮಚೆ ಬೇಕಾಗುತ್ತದೆ. ಹಗ್ಗವನ್ನು ಟೊಂಗೆಯ ಮೇಲೆ ಏರಿಸಲು ಮೊದಲು ಎಸೆಯುವ ದಾರಕ್ಕೆ ಗಾರೆ ಕೆಲಸದ ಲೈನ್ ದೋರಿ, ಅದರ ತುದಿಗೆ ಹಳೆ ಜೀನ್ಸ್ ಬಟ್ಟೆಯ ಪುಟ್ಟ ಚೀಲ, ಒಳಗೆ ಸೈಕಲ್ ಅಂಗಡಿಯಿಂದ ತಂದ ಛರ್ರಾ (ಬೇರಿಂಗಿನ ಸಣ್ಣ ಉಕ್ಕಿನ ಗುಂಡು), ಸುಮಾರು 300 ಗ್ರಾಂ. ಮೊದಲು ಮರಳು ತುಂಬಿದ್ದೆ, ಚೀಲ ದೊಡ್ಡದಾಗಿ ಎಲೆಗಳ ನಡುವೆ ನಿಂತುಬಿಡುತ್ತಿತ್ತು. ಛರ್ರಾ ಇದ್ದರೆ ನುಗ್ಗುತ್ತದೆ.

ಮೊದಲ ದಿನ ಮೊದಲ ಮರ. ಏರುವಾಗ ಮನಸ್ಸಿಗೆ ಹಬ್ಬ. ಲೆಕ್ಕ ಹಾಕಿದರೆ ತೊಗಟೆಯ ಮೇಲೆ ನಾನು ಎಳೆಯಬೇಕಾಗಿದ್ದು 64 ಕೆಜಿ, ರಿಂಗಿನ ಮೇಲೆ 51. ಹದಿಮೂರು ಕೆಜಿ ಕಡಿಮೆ, ಅದೂ ಪ್ರತಿ ಎಳೆತಕ್ಕೆ. ಮೇಲೆ ಹೋಗಿ ಲ್ಯಾನ್‌ಯಾರ್ಡ್ (ಹಾರ್ನೆಸ್‌ನಿಂದ ಟೊಂಗೆಗೆ ಬಿಗಿಯುವ ಗಿಡ್ಡ ಹಗ್ಗ) ಕಟ್ಟಿಕೊಂಡು ಎರಡು ಗಂಟೆ ಹಣ್ಣು ಉದುರಿಸಿದೆ. ಕೆಂಪು ಇರುವೆ ಕಚ್ಚಿದ್ದು ಬಿಟ್ಟರೆ ಎಲ್ಲ ಸುಖ.

ಇಳಿಯುವಾಗ ಗ್ರಹಚಾರ ಬಿಡಿಸಿತು. ಜಾರುವ ಗಂಟಿಗೆ ನಾನು ಬಳಸುವುದು ಬ್ಲೇಕ್ಸ್ ಹಿಚ್, ನಾಲ್ಕು ಸುತ್ತು. ಅದನ್ನು ಯಾವಾಗಲೂ ಎರಡು ಬೆರಳಿನಿಂದ ಒತ್ತಿದರೆ ಮೆಲ್ಲಗೆ ಇಳಿಸುತ್ತಿತ್ತು. ಈ ಸಲ ಒತ್ತಿದರೆ ಅಲುಗಾಡಲೇ ಇಲ್ಲ, ಜೋರಾಗಿ ಒತ್ತಿದೆ, ಜರ್ರನೆ ಎರಡು ಅಡಿ ಇಳಿದು ಮತ್ತೆ ಗಕ್ಕನೆ ಕಚ್ಚಿಕೊಂಡಿತು. ಹೊಟ್ಟೆಯೊಳಗಿನ ಚಹಾ ಗಂಟಲಿಗೆ ಬಂತು. ಹಾಗೇ ಎಳೆದಾಡಿಕೊಂಡು ನೆಲ ಮುಟ್ಟಿದಾಗ ಗಂಟು ಬಿಸಿ ಬಿಸಿ, ಒಳಗೆ ಹೊಳಪು ಬಂದಿತ್ತು. ಟೊಂಗೆಯ ಮೇಲೆ ಉಳಿಸಿದ ಹಗ್ಗವನ್ನು ನಾನು ಗಂಟಿನಲ್ಲಿ ಸುಟ್ಟಿದ್ದೆ.

ಕಾರಣ ರಾತ್ರಿ ಕಾಗದದ ಮೇಲೆ ಹೊಳೆಯಿತು. ಇಳಿಯುವಾಗ ನನ್ನ 80 ಕೆಜಿ ಹಗ್ಗದ ಎರಡು ಕಾಲುಗಳಿಗೆ, ಅಂದರೆ ಟೊಂಗೆಯ ಎರಡು ಕಡೆ ಇಳಿಬಿದ್ದ ಭಾಗಗಳಿಗೆ, ಹಂಚಿಹೋಗುತ್ತದೆ. ತೊಗಟೆ ನಾಲ್ಕು ಪಟ್ಟು ಹಿಡಿದಿಟ್ಟಾಗ ಕಟ್ಟಿದ ಕಾಲಿಗೆ 64, ಗಂಟಿನ ಕಾಲಿಗೆ ಬರೀ 16. ರಿಂಗಿನಲ್ಲಿ ಅದೇ 51 ಮತ್ತು 29. ಗಂಟಿನ ಮೇಲಿನ ಭಾರ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಇಷ್ಟು ದಿನ ನನ್ನನ್ನು ಇಳಿಸುತ್ತಿದ್ದುದು ನನ್ನ ಗಂಟಲ್ಲ, ಹುಣಸೆಯ ತೊಗಟೆ. ಆ ಒರಟು ಟೊಂಗೆ ಪುಕ್ಕಟೆ ಬ್ರೇಕ್ ಹಿಡಿಯುತ್ತಿತ್ತು, ನಾನು ಅದನ್ನು ಕಿತ್ತುಹಾಕಿ ಆ ಕೆಲಸ ಯಾರು ಮಾಡುತ್ತಾರೆ ಅಂತ ಯೋಚಿಸಿರಲೇ ಇಲ್ಲ. ಪುಲ್ಲಿ ಹಾಕಿದ್ದರೆ ಗಂಟಿನ ಮೇಲೆ 37 ಕೆಜಿ ಕೂರುತ್ತಿತ್ತು. ಪುಲ್ಲಿ ಬೇಡ ಅಂದಿದ್ದಕ್ಕೆ ಇದೇ ಕಾರಣ ಅಂತ ಈಗ ಹೇಳಿಕೊಳ್ಳಬಹುದು, ನಿಜ ಹೇಳಬೇಕೆಂದರೆ ಆಗ ಬೆಲೆ ನೋಡಿ ಬಿಟ್ಟಿದ್ದೆ.

ಸರಿ ಮಾಡಿದ್ದು ಹೀಗೆ. ಹತ್ತುವ ಹಗ್ಗದ ತುದಿಯಿಂದಲೇ ಗಂಟು ಹಾಕುವುದನ್ನು ಬಿಟ್ಟೆ, ಬೇರೆ ತುಂಡಿನಿಂದ ಹಾಕಲು ಶುರು ಮಾಡಿದೆ. ಸುಟ್ಟರೆ ಆ ತುಂಡು ಎಸೆದರಾಯ್ತು, ಇಡೀ ಹಗ್ಗ ಕತ್ತರಿಸಬೇಕಿಲ್ಲ. ಸುತ್ತು ನಾಲ್ಕರ ಬದಲು ಐದು ಮಾಡಿದೆ, ನೆಲದಿಂದ ಒಂದು ಅಡಿ ಮೇಲೆ ಕೂತು ಅರ್ಧ ದಿನ ಮೇಲೆ ಕೆಳಗೆ ಮಾಡಿ ಕೈಗೆ ಅಭ್ಯಾಸ ಮಾಡಿಸಿದೆ. ಇಳಿಯುವಾಗ ಗಂಟಿನ ಮೇಲೆ ಒಂದು ಕೈ, ಕೆಳಗಿನ ಹಗ್ಗದ ಮೇಲೆ ಇನ್ನೊಂದು ಕೈ, ಗ್ಲೌಸ್ ಕಡ್ಡಾಯ, ವೇಗ ಬೇಡವೇ ಬೇಡ. ನಿಮ್ಮ ಗಂಟು ಯಾವುದೇ ಇರಲಿ, ರಿಂಗು ಹಾಕಿದ ದಿನ ಅದು ಹೊಸ ಗಂಟು ಅಂದುಕೊಂಡು ನೆಲದ ಹತ್ತಿರವೇ ಪರೀಕ್ಷೆ ಮಾಡಿ.

ಎರಡನೇ ಮರದಲ್ಲಿ ಮತ್ತೊಂದು. ಈ ಸಲ ನೇರ ನನ್ನ ಪೆದ್ದುತನ. ಗುಂಡನ್ನು ತಪ್ಪು ಕಾಲಿಗೆ ಕಟ್ಟಿದೆ. ದೊಡ್ಡ ರಿಂಗಿನ ಕಡೆಯ ತುದಿಗೆ ಕಟ್ಟಬೇಕಾದ್ದನ್ನು ಸಣ್ಣದರ ಕಡೆ ಕಟ್ಟಿ ಎಳೆದೆ. ಗುಂಡು ಹೋಗಿ ಮೊದಲು ಸಿಕ್ಕಿದ ಸಣ್ಣ ರಿಂಗಿಗೇ ಬಡಿಯಿತು, ಅದನ್ನು ದೊಡ್ಡ ರಿಂಗಿನತ್ತ ಎಳೆದುಕೊಂಡು ಹೋಗಿ ಟೊಂಗೆಗೆ ಕುಣಿಕೆ ಬಿಗಿದುಬಿಟ್ಟಿತು. ಎಳೆದಷ್ಟೂ ಬಿಗಿ. ತಮ್ಮ ಬಂದು ನೇತಾಡಿದ, ಇನ್ನೂ ಬಿಗಿ. ಎರಡನೇ ಹಗ್ಗ ಎಸೆದು ಮತ್ತೆ ಏರಿ ಬಿಡಿಸಿ ಬರಬೇಕಾಯ್ತು. ಆಮೇಲೆ ದೊಡ್ಡ ರಿಂಗಿನ ಹತ್ತಿರ ಹಗ್ಗಕ್ಕೆ ಕೆಂಪು ಟೇಪು ಸುತ್ತಿದೆ, ಡ್ರಾಯರ್ ಹಿಡಿಗೂ ಕೆಂಪು ಬಣ್ಣ ಹಚ್ಚಿದೆ. ಕೆಂಪು ಕೆಂಪಿಗೆ. ಏರುವ ಮುಂಚೆಯೇ ಯಾವ ಕಾಲು ಕೆಂಪಿನ ಕಡೆಯದು ಅಂತ ನೋಡಿ, ಅದರ ತುದಿಗೂ ಒಂದು ಸುತ್ತು ಟೇಪು ಹಾಕುತ್ತೇವೆ. ಮೂವತ್ತು ಅಡಿ ಮೇಲೆ ಇರುವ ರಿಂಗು ಯಾವುದು ದೊಡ್ಡದು ಅಂತ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಗೊತ್ತಾಗಲ್ಲ.

ಮೂರನೇ ಮರದಲ್ಲಿ ಸರಿಯಾಗಿ ಕಟ್ಟಿದ್ದರೂ ದೊಡ್ಡ ರಿಂಗಿನ ಗಂಟು ಕವಲಿನಲ್ಲಿ ತಡೆಯಿತು. ಕೊನೆಯಲ್ಲಿ ಹಾದುಹೋಗುವುದು ಅದೇ, ಮತ್ತು ಅದೇ ಎಲ್ಲಕ್ಕಿಂತ ದಪ್ಪ. ಜೋರಾಗಿ ಜಗ್ಗಿದ ಮೇಲೆ ಬಂತು. ಗಂಟನ್ನು ನುಣುಪು ಮಾಡಬೇಕು ಅಂತ ಸೈಕಲ್ ಟ್ಯೂಬಿನ ತುಂಡು ಏರಿಸಿದೆ, ಇನ್ನೂ ಕೆಟ್ಟಿತು, ರಬ್ಬರು ತೊಗಟೆಯನ್ನು ಬ್ರೇಕಿನ ಥರ ಹಿಡಿದುಕೊಂಡಿತು. ಟೈರು ಯಾತಕ್ಕೆ ರಬ್ಬರಿನದು ಇರುತ್ತದೆ ಅಂತ ಅಷ್ಟೊತ್ತಿಗೆ ನೆನಪಾಗಬೇಕಿತ್ತು. ಆಗ ಮೂಲೆಗೆ ಬಿದ್ದಿದ್ದ ಚರ್ಮದ ಕೊಳವೆ ಕಣ್ಣಿಗೆ ಬಿತ್ತು. ಅದರಿಂದ ಒಂದು ಗೇಣು ಕತ್ತರಿಸಿ, ಶೇಂಗಾ ಕಟ್ಟಿಕೊಡುವ ಕಾಗದದ ಪೊಟ್ಟಣ ಇರುತ್ತದಲ್ಲ, ಆ ಆಕಾರಕ್ಕೆ ಹೊಲಿದೆ. ಚೂಪು ಬಾಯಿ ಹಗ್ಗದ ಕಡೆ, ಅಗಲ ಬಾಯಿ ರಿಂಗಿನ ಕಡೆ, ಗಂಟು ಒಳಗೆ. ಒಂದು ಬದಿ ಹೊಲಿಯದೆ ಬೂಟಿನ ಥರ ಲೇಸು ಹಾಕಿದೆ, ಪ್ರತಿ ಸಲ ಬಿಚ್ಚಿ ಗಂಟನ್ನು ಕಣ್ಣಿಂದ ನೋಡಬೇಕು ಅಂತ. ಮುಚ್ಚಿಟ್ಟ ಗಂಟನ್ನು ನಂಬಬಾರದು. ನಾಲ್ಕನೇ ಮರದಲ್ಲಿ ಪಟ್ಟಿ ಒಂದೇ ಎಳೆತಕ್ಕೆ ಸರ್ರನೆ ಬಂತು. ತೀರಾ ಸರ್ರನೆ, ಕಾಕಾನ ಚಹಾ ಲೋಟದ ಪಕ್ಕದಲ್ಲೇ ಬಿತ್ತು. ಅರ್ಧ ಕೆಜಿ ಲೋಹ, ಹಗ್ಗ ಮೇಲಿಂದ ಬಂದರೆ ತಲೆಗೆ ಲೆಕ್ಕ ಸಿಗುವುದಿಲ್ಲ. ಈಗ ಗುಂಡಿನ ಹಿಂದೆ ಲೈನ್ ದೋರಿ ಕಟ್ಟಿರುತ್ತೇವೆ. ನಾನು ಎಳೆಯುತ್ತೇನೆ, ತಮ್ಮ ಆ ದೋರಿ ಹಿಡಿದು ಮೆಲ್ಲಗೆ ಬಿಡುತ್ತಾನೆ, ಉಳಿದವರೆಲ್ಲ ದೂರ.

ಒಣ ಟೊಂಗೆ ಕತ್ತರಿಸಿ ಇಳಿಸುವ ಕೆಲಸಕ್ಕೂ ಇದನ್ನೇ ಬಳಸಬಹುದಾ ಅಂತ ತಮ್ಮ ಕೇಳಿದ. ಬೇಡ ಅಂದೆ. ಭಾರ ಇಳಿಸುವಾಗ ತಿಕ್ಕಾಟ ಬೇಕು. ಕಾಂಡಕ್ಕೆ ಒಂದೂವರೆ ಸುತ್ತು ಹಾಕಿದರೆ ನಾಲ್ಕು ನಾಲ್ಕಲೆ ಹದಿನಾರು, ಹದಿನಾರು ನಾಲ್ಕಲೆ 64 ಪಟ್ಟು, ಕ್ವಿಂಟಲ್ ಟೊಂಗೆಯನ್ನು ಒಂದು ಕೈಯಲ್ಲಿ ಹಿಡಿಯಬಹುದು. ಅದಕ್ಕೆ ಬೇರೆ ಹಗ್ಗ ಇದೆ, ದಪ್ಪದ್ದು, ಅದರ ಮೇಲೆ ನಾನು ಎಂದೂ ಹತ್ತುವುದಿಲ್ಲ. ಕರೆಂಟಿನ ತಂತಿ ಹತ್ತಿರ ಇರುವ ಐದನೇ ಮರದ ಒಂದು ಮಗ್ಗುಲನ್ನು ಮುಟ್ಟೇ ಇಲ್ಲ, ಲೈನ್‌ಮನ್ ಬಂದು ತಂತಿ ಬಂದ್ ಮಾಡಿಸಿದ ಮೇಲೆ ನೋಡೋಣ.

ನಾಲ್ಕು ಮರ ಆದ ಮೇಲೆ ಎಲ್ಲವನ್ನೂ ಚಾಪೆಯ ಮೇಲೆ ಹರಡಿ ನೋಡಿದೆ. ಹತ್ತುವ ಹಗ್ಗದಲ್ಲಿ ಹೊಳಪಿಲ್ಲ, ನೂಲು ಎದ್ದಿಲ್ಲ. ರಿಂಗಿನ ಒಳಮೈಯಲ್ಲಿ ಉಗುರಿಗೆ ಸಿಗದಷ್ಟು ನುಣುಪಾದ ಒಂದು ಪಟ್ಟೆ ಬಿದ್ದಿದೆ, ಉಗುರಿಗೆ ಸಿಗುವಷ್ಟಾದರೆ ರಿಂಗು ಬದಲಿಸುತ್ತೇನೆ. ಮಧ್ಯದ 11 ಎಂಎಂ ತುಂಡಿಗೆ ಹುಣಸೆ ತೊಗಟೆಯ ಕಂದು ಬಣ್ಣ ಹತ್ತಿದೆ, ಸೋಪಿಗೆ ಹೋಗಲಿಲ್ಲ. ಪ್ರೂಸಿಕ್ ದಾರ ಚೆನ್ನಾಗಿದೆ. ಚರ್ಮದ ಪೊಟ್ಟಣದ ಚೂಪು ಬಾಯಿಯಲ್ಲಿ ಮೂರು ಹೊಲಿಗೆ ಬಿಟ್ಟಿವೆ, ದಬ್ಬಣ ಎಲ್ಲೋ ಕಾಣುತ್ತಿಲ್ಲ, ಅವ್ವ ಹಪ್ಪಳದ ಡಬ್ಬಿಯ ಹತ್ತಿರ ನೋಡು ಅನ್ನುತ್ತಿದ್ದಾಳೆ.